ಎರಡು ಗುಂಟೆ ಉದ್ದದಲ್ಲಿ ನೆಲ ಬಿಡುವ ವಿಮಾನ

ಹೋದ ಸಂಕ್ರಾಂತಿಗೆ ಮದ್ದೂರು ತಾಲ್ಲೂಕಿನ ಅಕ್ಕನ ಮನೆಗೆ ಹೋಗಿದ್ದೆ. ಭತ್ತದ ಕುಯ್ಲು ಮುಗಿದಿತ್ತು, ಗದ್ದೆಯಲ್ಲಿ ಬರೀ ಕೂಳೆ. ಅಕ್ಕನ ಮಗ, ಮೊದಲ ಪಿಯುಸಿ ಓದುವ ಹುಡುಗ, ಮೊಬೈಲ್ ಹಿಡಿದುಕೊಂಡು ಜಗಲಿಯ ಮೇಲೆ ಪಕ್ಕಕ್ಕೆ ಬಂದು ಕೂತ. ವಿಡಿಯೋದಲ್ಲಿ ಒಂದು ಪುಟ್ಟ ವಿಮಾನ. ದೊಡ್ಡ ದೊಡ್ಡ ಗಾಲಿ, ತಲೆ ಮೇಲೆ ರೆಕ್ಕೆ. ಹೊಳೆಯ ನಡುವೆ ಗುಂಡುಕಲ್ಲು ಎದ್ದುನಿಂತ ದಿಬ್ಬವೊಂದರ ಮೇಲೆ ಮೆಲ್ಲಗೆ ಇಳಿದು, ಹತ್ತಿಪ್ಪತ್ತು ಹೆಜ್ಜೆ ಉರುಳಿ ನಿಂತೇಬಿಟ್ಟಿತು.

"ಮಾವ, ಇದು ನಮ್ ಗದ್ದೇಲಿ ಇಳೀತದಾ?" ಅಂದ.

"ಇಳಿಯಕ್ಕೆ ಆಯ್ತದೆ ಕಣ್ಲಾ, ಆದ್ರೆ ಇಳಿಸಕ್ಕಾಗಲ್ಲ" ಅಂದೆ. ಅವನು ನನ್ನ ಮುಖ ನೋಡಿದ. ಆ ಉತ್ತರದ ಎರಡು ತುಂಡನ್ನೂ ಬಿಡಿಸಿ ಹೇಳುವಷ್ಟರಲ್ಲಿ ಸಂಜೆ ಕಿಚ್ಚು ಹಾಯಿಸುವ ಹೊತ್ತಾಯಿತು. ಅವತ್ತು ಅವನಿಗೆ ಹೇಳಿದ್ದನ್ನೇ, ಇನ್ನಷ್ಟು ಲೆಕ್ಕ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಇಂಥವನ್ನು ಬುಷ್ ಪ್ಲೇನ್ ಅನ್ನುತ್ತಾರೆ. ರಸ್ತೆಯಿಲ್ಲದ, ರನ್‌ವೇಯಂತೂ ಇಲ್ಲವೇ ಇಲ್ಲದ ಕಾಡುಮೇಡಿನಲ್ಲಿ ಇಳಿದು ಏರುವುದಕ್ಕೆಂದೇ ಕಟ್ಟಿದ ವಿಮಾನ. ಇದರ ತವರು ಅಲಾಸ್ಕಾ, ಕೆನಡಾದ ಉತ್ತರ ಭಾಗ. ಅಲಾಸ್ಕಾದ ರಾಜಧಾನಿ ಜೂನೋಗೇ ಹೊರಗಿನಿಂದ ರಸ್ತೆಯಿಲ್ಲ. ಹಡಗು ಹತ್ತಬೇಕು, ಇಲ್ಲವೇ ವಿಮಾನ. ಅಂಥ ಕಡೆ ಟಪಾಲು, ಔಷಧಿ, ಸೀಮೆಎಣ್ಣೆ, ಹೆರಿಗೆ ನೋವು ತಿನ್ನುತ್ತಿರುವ ಹೆಂಗಸು, ಯಾವುದನ್ನು ಸಾಗಿಸುವುದಕ್ಕೂ ಸಣ್ಣ ವಿಮಾನವೇ ಗತಿ. ನಮ್ಮ ಹಳ್ಳಿಗಳಿಗೆ ಟ್ರ್ಯಾಕ್ಟರ್ ಹೇಗೋ ಅಲ್ಲಿಗೆ ಇದು ಹಾಗೆ.

ಹುಡುಗ ತೋರಿಸಿದ್ದು ಕಾರ್ಬನ್ ಕಬ್ ಎಂಬ ವಿಮಾನ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಯಾಕಿಮಾ ಎಂಬ ಊರಿನಲ್ಲಿ ಜಿಮ್ ರಿಚ್ಮಂಡ್ 1980ರಲ್ಲಿ ಶುರುಮಾಡಿದ ಕಬ್‌ಕ್ರಾಫ್ಟರ್ಸ್ ಕಂಪನಿ ಇದನ್ನು ಕಟ್ಟುತ್ತದೆ. ಇದರ ಎಸ್‌ಎಸ್ ಮಾದರಿ 2009ರಲ್ಲಿ ಬಂತು. ಇಬ್ಬರು ಕೂರಬಹುದು, ಒಬ್ಬರ ಹಿಂದೆ ಒಬ್ಬರು, ಸ್ಕೂಟರ್ ಮೇಲೆ ಕೂತ ಹಾಗೆ. ಇಂಜಿನ್ 180 ಎಚ್‌ಪಿ. ತುಂಬಿದ ತೂಕ, ಅಂದರೆ ಜನ, ಪೆಟ್ರೋಲ್, ಸಾಮಾನು ಎಲ್ಲ ಸೇರಿ, 600 ಕೆಜಿ ಮೀರುವಂತಿಲ್ಲ. ನೆಲ ಬಿಡಲು ಬೇಕಾದ ಓಟ 60 ಅಡಿ ಎಂದು ಕಂಪನಿ ಹೇಳುತ್ತದೆ.

60 ಅಡಿ ಎಂದರೆ ಎಷ್ಟು? ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಎರಡು ಗುಂಟೆ ಉದ್ದಕ್ಕೆ ಇಟ್ಟರೆ 66 ಅಡಿ. ಕ್ರಿಕೆಟ್ ಪಿಚ್‌ನ ಎರಡು ಸ್ಟಂಪ್‌ಗಳ ನಡುವಿನ ಅಂತರವೂ ಅಷ್ಟೇ, 66 ಅಡಿ. ಈ ಸ್ಟಂಪ್ ಹತ್ತಿರ ಹೊರಟ ವಿಮಾನ ಆ ಸ್ಟಂಪ್ ಮುಟ್ಟುವ ಮೊದಲೇ ಗಾಳಿಯಲ್ಲಿರುತ್ತದೆ. ಇದನ್ನು ಹೇಳಿದ್ದೇ ಹುಡುಗನಿಗೆ ಕೇಳುವ ಉಮೇದು ಬಂತು.

ಮಂಡಕಳ್ಳಿಯ ಸೆಸ್ನಾ ಜೊತೆಗೆ ಇಟ್ಟು ನೋಡಿದರೆ

ಮೈಸೂರಿನವರಿಗೆ ಸಣ್ಣ ವಿಮಾನ ಎಂದರೆ ಕಣ್ಣಿಗೆ ಬರುವುದು ಸೆಸ್ನಾ 172. ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಪೈಲಟ್ ತರಬೇತಿಗೆ ಬಳಸುವ, ನಂಜನಗೂಡು ರಸ್ತೆಯ ಮೇಲೆ ಬೆಳಗಿನ ಹೊತ್ತು ಸುತ್ತು ಹೊಡೆಯುವ, ತಲೆ ಮೇಲೆ ರೆಕ್ಕೆಯ ವಿಮಾನ ಅದೇ. ಅದರ ಹೊಸ ಮಾದರಿಯಾದ 172 ಎಸ್‌ನ ಇಂಜಿನ್ ಎಷ್ಟು? 180 ಎಚ್‌ಪಿ. ರೆಕ್ಕೆಯ ವಿಸ್ತೀರ್ಣ ಸುಮಾರು 16 ಚದರ ಮೀಟರ್. ಕಾರ್ಬನ್ ಕಬ್‌ನದು ಸುಮಾರು 16.6.

ಅದೇ ಎಚ್‌ಪಿ, ಹೆಚ್ಚುಕಮ್ಮಿ ಅಷ್ಟೇ ರೆಕ್ಕೆ. ಆದರೂ ಸೆಸ್ನಾ ಸಮುದ್ರಮಟ್ಟದಲ್ಲಿ ನೆಲ ಬಿಡಲು 960 ಅಡಿ ಓಡಬೇಕು. ಹದಿನಾರು ಪಟ್ಟು! ಮಂಡಕಳ್ಳಿಯ ಬೇಲಿಯ ಹತ್ತಿರ ನಿಂತು ಎಣಿಸಿದರೆ ಓಟ ಶುರುವಾಗಿ ಗಾಲಿ ಮೇಲೇಳುವ ಹೊತ್ತಿಗೆ ಇಪ್ಪತ್ತು ಸೆಕೆಂಡಿನ ಆಸುಪಾಸು ಆಗಿರುತ್ತದೆ. ಕಾರ್ಬನ್ ಕಬ್‌ಗೆ ಮೂರು ಸೆಕೆಂಡು ಸಾಕು.

ವ್ಯತ್ಯಾಸ ಎಲ್ಲಿಂದ ಬಂತು? ಸೆಸ್ನಾದ ತುಂಬಿದ ತೂಕ 1,157 ಕೆಜಿ. ಕಾರ್ಬನ್ ಕಬ್‌ನದು 600. ಹೆಚ್ಚುಕಮ್ಮಿ ಅರ್ಧ. ತೂಕ ಅರ್ಧವಾದರೆ ಓಟವೂ ಅರ್ಧವಾಗಬೇಕಲ್ಲವೇ, ಹದಿನಾರರಲ್ಲಿ ಒಂದು ಪಾಲು ಹೇಗಾಯಿತು ಎಂದು ಕೇಳಿದರೆ, ಕೇಳಬೇಕಾದ ಪ್ರಶ್ನೆ ಅದೇ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ರೆಕ್ಕೆ ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ಎತ್ತುವ ಬಲ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ವಿಮಾನ ನೆಲ ಬಿಡುವುದು ಈ ಬಲ ತನ್ನ ತೂಕಕ್ಕೆ ಸಮವಾದಾಗ. ರೆಕ್ಕೆ ಅಷ್ಟೇ ಇದ್ದು ತೂಕ ಅರ್ಧವಾದರೆ, ಬೇಕಾದ ವೇಗದ ವರ್ಗ ಅರ್ಧವಾಗುತ್ತದೆ.

ಇನ್ನು ಓಟದ ದೂರ. ನಿಂತಲ್ಲಿಂದ ಹೊರಟು ಒಂದು ವೇಗ ಮುಟ್ಟಲು ಬೇಕಾಗುವ ದೂರವೂ ವೇಗದ ವರ್ಗಕ್ಕೆ ತಕ್ಕಂತೆಯೇ ಇರುತ್ತದೆ. ಹಾಗಾಗಿ ಅಲ್ಲೊಂದು ಸಲ ದೂರ ಅರ್ಧವಾಯಿತು. ಇಂಜಿನ್ ಎಳೆತ ಅಷ್ಟೇ ಇದ್ದು ತೂಕ ಅರ್ಧವಾಗಿದ್ದರಿಂದ ವಿಮಾನ ಎರಡರಷ್ಟು ಚುರುಕಾಗಿ ವೇಗ ಹಿಡಿಯುತ್ತದೆ. ಅಲ್ಲಿ ಇನ್ನೊಂದು ಸಲ ಅರ್ಧ. ಒಟ್ಟು ಕಾಲು ಪಾಲು. ಅಂದರೆ ತೂಕವನ್ನು ಅರ್ಧಕ್ಕೆ ಇಳಿಸಿದವನಿಗೆ ಓಟ ಕಾಲಿಗೆ ಇಳಿದು ಬರುತ್ತದೆ, ಬೇರೇನೂ ಮಾಡದೆ. 960 ಅಡಿ 240 ಅಡಿಯಾಯಿತು.

ಬುಷ್ ವಿಮಾನ ಕಟ್ಟುವವರು ಒಂದೊಂದು ಗ್ರಾಂಗೂ ಯಾಕೆ ಹೊಡೆದಾಡುತ್ತಾರೆ ಎಂಬುದು ಈ ಒಂದು ಲೆಕ್ಕದಲ್ಲಿದೆ. ನೋಡುವವರು ಇಂಜಿನ್ ಹೊಗಳುತ್ತಾರೆ. ನಾನಾದರೆ ತಕ್ಕಡಿಯನ್ನು ಹೊಗಳುತ್ತೇನೆ.

ಇದೇ ಮಾತನ್ನು ಇನ್ನೊಂದು ಬಗೆಯಲ್ಲೂ ನೋಡಬಹುದು. ಒಂದು ಚದರ ಮೀಟರ್ ರೆಕ್ಕೆ ಎಷ್ಟು ಕೆಜಿ ಹೊರುತ್ತಿದೆ? ಕಾರ್ಬನ್ ಕಬ್‌ನಲ್ಲಿ 36. ಸೆಸ್ನಾದಲ್ಲಿ 71. ದೊಡ್ಡ ಪ್ರೊಪೆಲ್ಲರ್ ವಿಮಾನವಾದ ಎಟಿಆರ್ 72ರಲ್ಲಿ 23,000 ಕೆಜಿಯನ್ನು 61 ಚದರ ಮೀಟರ್ ಹೊರುತ್ತದೆ, ಅಂದರೆ ಚದರ ಮೀಟರಿಗೆ 377 ಕೆಜಿ. ಅದಕ್ಕೇ ಅಂಥ ವಿಮಾನಕ್ಕೆ ಮಂಡಕಳ್ಳಿಯ 1,740 ಮೀಟರ್ ರನ್‌ವೇಯಂಥದ್ದು ಬೇಕು. ಹೊರೆ ಹಗುರವಾದಷ್ಟೂ ನಿಧಾನವಾಗಿ ಹಾರಬಹುದು, ನಿಧಾನವಾಗಿ ಹಾರಿದಷ್ಟೂ ಕಡಿಮೆ ಜಾಗ.

ಹೆಜ್ಜಾರ್ಲೆ ಹೇಳಿಕೊಡುವ ಪಾಠ

240 ಅಡಿ 60ಕ್ಕೆ ಇಳಿಯುವುದು ಇನ್ನೂ ಬಾಕಿ ಇದೆ. ಅದರ ಅರ್ಧ ಉತ್ತರ ರೆಕ್ಕೆಯ ಆಕಾರದಲ್ಲಿದೆ, ಉಳಿದರ್ಧ ಪ್ರೊಪೆಲ್ಲರ್‌ನಲ್ಲಿ.

ಅಕ್ಕನ ಊರಿಗೆ ಕೊಕ್ಕರೆ ಬೆಳ್ಳೂರು ದೂರವಿಲ್ಲ. ಹುಡುಗ ಸಣ್ಣವನಿದ್ದಾಗಿನಿಂದ ಅಲ್ಲಿನ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳನ್ನು ನೋಡಿಕೊಂಡೇ ಬೆಳೆದವನು. ಹುಣಸೆ ಮರದ ತುದಿಯ ಗೂಡಿಗೆ ಹೆಜ್ಜಾರ್ಲೆ ಹೇಗೆ ಇಳಿಯುತ್ತದೆ ಎಂದು ಕೇಳಿದೆ. "ಮೈ ನೆಟ್ಟಗೆ ಎತ್ಕೊಂಡು, ರೆಕ್ಕೆ ಅಗಲ ಮಾಡಿ, ಕಾಲು ಮುಂದಕ್ಕೆ ಚಾಚ್ತದೆ" ಅಂದ. ಸರಿಯಾಗಿಯೇ ನೋಡಿದ್ದ. ಅಷ್ಟು ದೊಡ್ಡ ಹಕ್ಕಿಗೆ ಮರದ ಮೇಲೆ ಓಡಲು ಜಾಗವಿಲ್ಲ. ವೇಗವನ್ನೆಲ್ಲ ಗಾಳಿಯಲ್ಲೇ ಕಳೆದುಕೊಂಡು, ಕೊಂಬೆ ಮುಟ್ಟುವ ಗಳಿಗೆಗೆ ಸರಿಯಾಗಿ ನಿಂತಂತಾಗಬೇಕು.

ರೆಕ್ಕೆಯನ್ನು ಎದುರುಗಾಳಿಗೆ ಎಷ್ಟು ಓರೆ ಎತ್ತಿ ಹಿಡಿದರೆ ಅಷ್ಟು ಹೆಚ್ಚು ಎತ್ತುತ್ತದೆ, ಒಂದು ಮಿತಿಯವರೆಗೆ. ಆ ಮಿತಿ ದಾಟಿದರೆ ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಿತ್ತುಕೊಂಡು ಸುಳಿಯಾಗುತ್ತದೆ, ಎತ್ತುವ ಬಲ ಕುಸಿಯುತ್ತದೆ. ಇದಕ್ಕೆ ಸ್ಟಾಲ್ ಎನ್ನುತ್ತಾರೆ. ಇಂಜಿನ್ ನಿಂತುಹೋಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಇಂಜಿನ್ ಭರ್ತಿ ಓಡುತ್ತಿದ್ದರೂ ರೆಕ್ಕೆ ಸ್ಟಾಲ್ ಆಗಬಹುದು. ಪತ್ರಿಕೆಗಳು ಇವೆರಡನ್ನು ಬೆರೆಸಿ ಬರೆದಾಗ ನನಗೆ ಸಂಕಟವಾಗುತ್ತದೆ.

ಹಕ್ಕಿಗೆ ಈ ಮಿತಿಯನ್ನು ಮುಂದೂಡುವ ಉಪಾಯ ಗೊತ್ತು. ರೆಕ್ಕೆಯ ಮುಂಚೂಣಿಯಲ್ಲಿ, ನಮ್ಮ ಹೆಬ್ಬೆರಳಿನ ಜಾಗದಲ್ಲಿ, ಸಣ್ಣ ಗರಿಗಳ ಒಂದು ಗೊಂಚಲಿದೆ. ಇಳಿಯುವಾಗ ಅದನ್ನು ಬಿಡಿಸಿ ಹಿಡಿಯುತ್ತದೆ. ಆ ಸಂದಿನಿಂದ ನುಗ್ಗುವ ಗಾಳಿ ಮೇಲ್ಮೈಯ ಸುಸ್ತಾದ ಗಾಳಿಗೆ ಚೈತನ್ಯ ಕೊಟ್ಟು, ಅದು ಕಿತ್ತುಕೊಳ್ಳದಂತೆ ನೋಡಿಕೊಳ್ಳುತ್ತದೆ. ವಿಮಾನದವರು ಇದನ್ನೇ ಸ್ಲ್ಯಾಟ್ ಎನ್ನುವುದು. ಝೆನಿತ್ ಸಿಎಚ್ 701 ಎಂಬ ಎರಡು ಸೀಟಿನ ವಿಮಾನದ ರೆಕ್ಕೆಯ ಮುಂದೆ ಉದ್ದಕ್ಕೂ ಇಂಥ ಸ್ಲ್ಯಾಟ್ ಕಾಯಂ ಆಗಿ ಕೂತಿರುತ್ತದೆ. ಇನ್ನು ಕೆಲವು ವಿಮಾನಗಳಲ್ಲಿ ರೆಕ್ಕೆಯ ಮೇಲೆ ಸಾಲಾಗಿ ಉಗುರಿನಷ್ಟು ಗಾತ್ರದ ತಗಡಿನ ತುಂಡುಗಳನ್ನು ಅಂಟಿಸುತ್ತಾರೆ. ಒಂದೊಂದೂ ಪುಟ್ಟ ಸುಳಿಯೊಂದನ್ನು ಎಬ್ಬಿಸಿ ಮೇಲಿನ ಬಿರುಸು ಗಾಳಿಯನ್ನು ಮೇಲ್ಮೈಗೆ ಇಳಿಸುತ್ತದೆ. ಕೆಲಸ ಅದೇ, ದಾರಿ ಬೇರೆ. ರೆಕ್ಕೆಯ ಹಿಂಬದಿಯಲ್ಲಿ ಫ್ಲ್ಯಾಪ್ ಇರುತ್ತದೆ. ಅದನ್ನು ಕೆಳಕ್ಕೆ ಬಗ್ಗಿಸಿದರೆ ರೆಕ್ಕೆ ಇನ್ನಷ್ಟು ಕಮಾನಾಗಿ ಹೆಚ್ಚು ಎತ್ತುತ್ತದೆ.

ಇಂಥ ಕೆಲವು ಉಪಾಯಗಳಿಂದ ಕಾರ್ಬನ್ ಕಬ್‌ನ ಸ್ಟಾಲ್ ವೇಗ, ಅಂದರೆ ಅದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಹೊರಲಾರದ ವೇಗ, ಗಂಟೆಗೆ ಸುಮಾರು 51 ಕಿಲೋಮೀಟರಿಗೆ ಇಳಿಯುತ್ತದೆ. ಮಂಡ್ಯದಿಂದ ಹೊರಟ ಕೆಂಪು ಬಸ್ಸು ಹೋಗುವ ವೇಗದಲ್ಲಿ ಗಾಳಿಯಲ್ಲಿ ನಿಲ್ಲಬಲ್ಲ ವಿಮಾನ!

ಪ್ರೊಪೆಲ್ಲರ್ ವಿಷಯವನ್ನು ಪಂಪ್‌ಸೆಟ್ ಇಟ್ಟುಕೊಂಡವರಿಗೆ ಹೇಳುವುದು ಸುಲಭ. ಅದೇ ಐದು ಎಚ್‌ಪಿ ಮೋಟರ್. ಎಂಟು ನೂರು ಅಡಿ ಬೋರ್‌ವೆಲ್‌ಗೆ ಇಳಿಬಿಟ್ಟರೆ ಬೆರಳು ಗಾತ್ರ ನೀರು, ನಾಲೆ ಬದಿಯಲ್ಲಿ ಇಟ್ಟು ಹತ್ತಡಿ ಎತ್ತಿಸಿದರೆ ತೂಬು ತುಂಬ ನೀರು. ಪ್ರೊಪೆಲ್ಲರ್ ಕೂಡ ಗಾಳಿಯ ಪಂಪು. ಕಡಿಮೆ ಗಾಳಿಯನ್ನು ಬಿರುಸಾಗಿ ಹಿಂದಕ್ಕೆ ತಳ್ಳುವ ಬದಲು ಹೆಚ್ಚು ಗಾಳಿಯನ್ನು ಮೆಲ್ಲಗೆ ತಳ್ಳಿದರೆ, ನಿಂತಲ್ಲಿಂದ ಹೊರಡುವಾಗ ಅದೇ ಎಚ್‌ಪಿಯಲ್ಲಿ ಎಳೆತ ಜಾಸ್ತಿ. ಅದಕ್ಕೇ ಬುಷ್ ವಿಮಾನಕ್ಕೆ ಉದ್ದನೆಯ, ಅಲಗಿನ ಓರೆ ಕಡಿಮೆಯಿರುವ ಪ್ರೊಪೆಲ್ಲರ್. ಗೇರ್ ಭಾಷೆಯಲ್ಲಿ ಹೇಳುವುದಾದರೆ ಇದು ಕಾಯಂ ಎರಡನೇ ಗೇರ್‌ನಲ್ಲಿರುವ ವಿಮಾನ. ಏರುವುದರಲ್ಲಿ ಗಟ್ಟಿ, ಓಡುವುದರಲ್ಲಿ ಹಿಂದೆ.

ಹುಡುಗ ಇಲ್ಲೊಂದು ಒಳ್ಳೆಯ ಪ್ರಶ್ನೆ ಕೇಳಿದ. ಈ ಇಂಜಿನ್ 340 ಘನ ಇಂಚು, ಅಂದರೆ ಐದೂವರೆ ಲೀಟರ್ ಗಾತ್ರದ್ದು. ಒಂದೂವರೆ ಲೀಟರಿನ ಕಾರೇ 150 ಎಚ್‌ಪಿ ಕೊಡುವಾಗ ಇದೇಕೆ ಬರೀ 180? ಕಾರಿನ ಇಂಜಿನ್ ಆರು ಸಾವಿರ ಸುತ್ತು ತಿರುಗಿ ಆ ಬಲ ಕೊಡುತ್ತದೆ. ಇಲ್ಲಿ ಪ್ರೊಪೆಲ್ಲರ್ ಇಂಜಿನ್‌ಗೆ ನೇರವಾಗಿ ಕೂತಿದೆ, ನಡುವೆ ಗೇರ್ ಇಲ್ಲ. ಎರಡು ಮೀಟರ್ ಉದ್ದದ ಪ್ರೊಪೆಲ್ಲರ್ ನಿಮಿಷಕ್ಕೆ 2,700 ಸುತ್ತು ತಿರುಗಿದರೆ ಅದರ ತುದಿ ಸೆಕೆಂಡಿಗೆ 280 ಮೀಟರ್ ಓಡುತ್ತಿರುತ್ತದೆ. ಶಬ್ದದ ವೇಗ 340ರ ಆಸುಪಾಸು. ಅದರ ಹತ್ತಿರ ಹೋದರೆ ಕಿರುಚಾಟ ಹೆಚ್ಚಿ ಎಳೆತ ಕುಗ್ಗುತ್ತದೆ. ಹಾಗಾಗಿ ಇಂಜಿನ್ ನಿಧಾನವಾಗಿ ತಿರುಗಲೇಬೇಕು, ನಿಧಾನವಾಗಿ ತಿರುಗಿ ಬಲ ಕೊಡಬೇಕಾದರೆ ಗಾತ್ರ ದೊಡ್ಡದಿರಬೇಕು. ರೋಟ್ಯಾಕ್ಸ್ ಕಂಪನಿಯ ಸಣ್ಣ ಇಂಜಿನ್‌ಗಳು ನಡುವೆ ಗೇರ್ ಇಟ್ಟು ಬೇರೆ ದಾರಿ ಹಿಡಿದಿವೆ, ಅವು ಇನ್ನೂ ಹಗುರ.

ಇನ್ನೊಂದು ಸೂಕ್ಷ್ಮ. ಎಸ್‌ಎಸ್ ಮಾದರಿಯಲ್ಲಿ 180 ಎಚ್‌ಪಿಯನ್ನು ಒಂದೇ ಸಮನೆ ಐದು ನಿಮಿಷ ಮಾತ್ರ ಬಳಸಬಹುದು. ಏರಿದ ಮೇಲೆ 80 ಎಚ್‌ಪಿಗೆ ಇಳಿಸಿ ಹೋಗಬೇಕು. ಬಲ ಬೇಕಿರುವುದು ಏರುವಾಗ, ಹಾದಿ ಸವೆಸುವಾಗ ಅಲ್ಲ.

ತೂಕ ಎಲ್ಲಿ ಕಳೆಯಿತು

ಕಾರ್ಬನ್ ಕಬ್‌ನ ಮುತ್ತಜ್ಜ ಪೈಪರ್ ಜೆ-3 ಕಬ್. 1938ರಿಂದ 1947ರವರೆಗೆ ಪೆನ್ಸಿಲ್ವೇನಿಯಾದ ಲಾಕ್ ಹೇವನ್‌ನಲ್ಲಿ ಹತ್ತಿರ ಹತ್ತಿರ 20,000 ತಯಾರಾದವು. ತುಂಬಿದ ತೂಕ 553 ಕೆಜಿ, ಇಂಜಿನ್ 65 ಎಚ್‌ಪಿ. 1949ರಲ್ಲಿ ಸೂಪರ್ ಕಬ್ ಬಂತು. ಮುಂದೆ ಅದಕ್ಕೆ 150 ಎಚ್‌ಪಿ ಇಂಜಿನ್ ಕೂತಿತು, ತೂಕ 794 ಕೆಜಿಗೆ ಏರಿತು. ದೊಡ್ಡ ಇಂಜಿನ್ ಕೇಳಿದರೆ ಗಟ್ಟಿ ಚೌಕಟ್ಟು, ಹೆಚ್ಚು ಪೆಟ್ರೋಲ್, ಅದಕ್ಕೆ ಮತ್ತಷ್ಟು ತೂಕ: ಲೋಕದ ರೂಢಿ ಹಾಗೆ. ಕಾರ್ಬನ್ ಕಬ್ ಆ ಸರಪಳಿ ಮುರಿಯಿತು. ಜೆ-3ಕ್ಕಿಂತ ಮೂರರಷ್ಟು ಹತ್ತಿರ ಬಲ, ತೂಕ ಮಾತ್ರ ಐವತ್ತು ಕೆಜಿಯಷ್ಟೇ ಹೆಚ್ಚು. ಒಂದೊಂದು ಎಚ್‌ಪಿ ಎಷ್ಟು ಹೊರುತ್ತದೆ ಎಂದು ಭಾಗಿಸಿ ನೋಡಿ: ಜೆ-3ರಲ್ಲಿ ಎಂಟೂವರೆ ಕೆಜಿ, ಸೂಪರ್ ಕಬ್‌ನಲ್ಲಿ ಐದು ಚಿಲ್ಲರೆ, ಇದರಲ್ಲಿ ಮೂರು ಚಿಲ್ಲರೆ. ಈ ವಿಮಾನದಲ್ಲಿ ಆಧುನಿಕವಾದದ್ದು ಇದೇ ಎಂದು ನನ್ನ ಅಭಿಪ್ರಾಯ. ಆಕಾರ ಎಂಬತ್ತು ವರ್ಷ ಹಳೆಯದು.

ಒಳಗೆ ಹಳೆಯ ಕ್ರಮದಲ್ಲೇ ಕ್ರೋಮ್‌ಮಾಲಿ ಉಕ್ಕಿನ ತೆಳು ಕೊಳವೆಗಳನ್ನು ಬೆಸೆದ ಹಂದರ. ಮೇಲೆ ಬಟ್ಟೆ, ಹೌದು, ಪಾಲಿಯೆಸ್ಟರ್ ಬಟ್ಟೆ. ಅಂಟಿಸಿ, ಇಸ್ತ್ರಿಪೆಟ್ಟಿಗೆಯಿಂದ ಬಿಸಿ ಮಾಡಿ ಡೊಳ್ಳಿನ ಚರ್ಮದಂತೆ ಬಿಗಿ ಮಾಡಿ, ಬಣ್ಣ ಬಳಿಯುತ್ತಾರೆ. ತಗಡಿಗಿಂತ ಹಗುರ, ಕಾಡಿನಲ್ಲಿ ಕೊಂಬೆ ತಾಗಿ ಹರಿದರೆ ತೇಪೆ ಹಾಕಿ ಮನೆಗೆ ಬರಬಹುದು. ಇಂಜಿನ್ ಮುಚ್ಚುವ ಕವಚ, ಕಾಲಡಿಯ ಹಲಗೆ ಮುಂತಾದ ಕಡೆ ಕಾರ್ಬನ್ ಫೈಬರ್. ಹೆಸರು ಬಂದದ್ದು ಅದರಿಂದ. ಕೈಯಲ್ಲಿ ಬಗ್ಗಿಸಿ ಬೆಸೆಯುತ್ತಿದ್ದ ನಾಲ್ಕಾರು ತುಂಡುಗಳ ಜಾಗಕ್ಕೆ ಕಂಪ್ಯೂಟರ್ ನಡೆಸುವ ಯಂತ್ರದಲ್ಲಿ ಕೊರೆದ ಒಂದೇ ತುಂಡು. ಹೀಗೆ ಒಂದು ಬೋಲ್ಟ್, ಒಂದು ಬ್ರಾಕೆಟ್, ಒಂದು ವೈರು ಕಳೆಯುತ್ತ ಹೋಗಿ ಹೋಲಿಕೆಗೆ ಸಿಗುವ ಸೂಪರ್ ಕಬ್‌ಗಿಂತ ನೂರು ಕೆಜಿಗೂ ಮೇಲೆ ಇಳಿಸಿದರು. ಇಂಥ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ಮಾಡಿದವರ ಮೇಲೆ ನನಗೆ ದೊಡ್ಡ ಗೌರವ.

ನಮ್ಮಲ್ಲೂ ಇಂಥದೊಂದು ಇತ್ತು, ಮರೆತಿದ್ದೇವೆ. ಮೈಸೂರು ಸಂಸ್ಥಾನವೂ ಹಣ ಹಾಕಿ 1940ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿಮಾನ ಕಾರ್ಖಾನೆ, ಈಗಿನ ಎಚ್‌ಎಎಲ್, 1958ರಲ್ಲಿ ಪುಷ್ಪಕ್ ಎಂಬ ಎರಡು ಸೀಟಿನ ವಿಮಾನ ಹಾರಿಸಿತು. ತಲೆ ಮೇಲೆ ರೆಕ್ಕೆ, ಬಟ್ಟೆ ಹೊದಿಕೆ, ಬಾಲದ ಕೆಳಗೆ ಪುಟ್ಟ ಗಾಲಿ, 90 ಎಚ್‌ಪಿ. ತುಂಬಿದ ತೂಕ ಆರು ನೂರು ಕೆಜಿಯ ಆಸುಪಾಸು, ಕಾರ್ಬನ್ ಕಬ್‌ನಷ್ಟೇ. ದೇಶದ ಎಷ್ಟೋ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಹುಡುಗರು ಹಾರಲು ಕಲಿತದ್ದು ಅದರಲ್ಲಿ. ಆ ಮೈಕಟ್ಟಿಗೆ ಎರಡರಷ್ಟು ಬಲದ, ಆದರೆ ತೂಕ ಏರಿಸದ ಇಂಜಿನ್ ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ಆಗಾಗ ಯೋಚಿಸುತ್ತೇನೆ.

ಬೇಸಿಗೆಯ ಮೈಸೂರಿನಲ್ಲಿ

ಕಂಪನಿಯ ಲೆಕ್ಕ ಸಮುದ್ರಮಟ್ಟದ, ತಂಪು ಹವೆಯ ಲೆಕ್ಕ. ಮೈಸೂರಿಗೆ ಅದನ್ನು ಹಾಗೇ ತಂದರೆ ತಪ್ಪಾಗುತ್ತದೆ. ಮಂಡಕಳ್ಳಿ ಸಮುದ್ರಮಟ್ಟಕ್ಕಿಂತ ಸುಮಾರು 2,350 ಅಡಿ ಮೇಲಿದೆ. ಎತ್ತರ ಹೋದಂತೆ ಗಾಳಿ ತೆಳು, ಬಿಸಿಯಾದಂತೆ ಇನ್ನೂ ತೆಳು. ಆ ಎತ್ತರಕ್ಕೆ ಪೈಲಟ್‌ಗಳು ಲೆಕ್ಕಕ್ಕೆ ಹಿಡಿಯುವ ಮಾದರಿ ಉಷ್ಣಾಂಶ ಸುಮಾರು 10 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದೆ ಎಂದುಕೊಳ್ಳಿ, 25 ಹೆಚ್ಚಾಯಿತು. ಒಂದೊಂದು ಡಿಗ್ರಿಗೂ 120 ಅಡಿ ಸೇರಿಸಬೇಕೆಂಬುದು ಪೈಲಟ್‌ಗಳ ರೂಢಿಯ ಲೆಕ್ಕ. 3,000 ಅಡಿ ಸೇರಿತು. ಅಂದರೆ ಆ ಮಧ್ಯಾಹ್ನ ವಿಮಾನದ ಪಾಲಿಗೆ ಮಂಡಕಳ್ಳಿ 5,300 ಅಡಿಗೂ ಮೇಲೆ ಇದ್ದಂತೆ. ಚಾಮುಂಡಿ ಬೆಟ್ಟದ ತುದಿಯೇ ಸಮುದ್ರಮಟ್ಟದಿಂದ ಸುಮಾರು 3,500 ಅಡಿ. ಬೆಟ್ಟದ ತುದಿಗಿಂತಲೂ ಸಾವಿರದ ಎಂಟುನೂರು ಅಡಿ ಮೇಲಿನಿಂದ ಹಾರಿದ ಹಾಗೆ.

ಗಾಳಿಯ ಸಾಂದ್ರತೆ ಅಲ್ಲಿ ಶೇಕಡಾ 15ರಷ್ಟು ಕಡಿಮೆ. ಇಂಜಿನ್ ಉಸಿರಾಡುವ ಗಾಳಿ ತೆಳು, ಬಲ ಇಳಿಯಿತು. ಪ್ರೊಪೆಲ್ಲರ್ ಕಚ್ಚುವ ಗಾಳಿ ತೆಳು, ಎಳೆತ ಇಳಿಯಿತು. ರೆಕ್ಕೆಯ ಗಾಳಿಯೂ ತೆಳು, ಬೇಕಾದ ವೇಗ ಏರಿತು. ಮೂರೂ ಸೇರಿ 60 ಅಡಿಯ ಓಟ ಅಂದಾಜು 80 ದಾಟುತ್ತದೆ. ಕಾರ್ಬನ್ ಕಬ್‌ಗೆ ಇದು ಮುಕ್ಕಾಲು ಗುಂಟೆ ಉದ್ದದ ಮಾತು. ಸೆಸ್ನಾಗೆ ಅದೇ ಪ್ರಮಾಣದಲ್ಲಿ ನೂರು ಮೀಟರಿಗೂ ಹೆಚ್ಚು ಓಟ ಸೇರುತ್ತದೆ. ಸಣ್ಣ ವಿಮಾನದವರಿಗೆ ಬೆಳಗಿನ ಹೊತ್ತು ಇಷ್ಟವಾಗುವುದಕ್ಕೆ ಇದೂ ಒಂದು ಕಾರಣ.

ಎದುರುಗಾಳಿ ಇದ್ದರೆ ಲೆಕ್ಕ ತಿರುಗಾ ಮುರುಗಾ. ಆಷಾಢದಲ್ಲಿ ನಮ್ಮ ಕಡೆ ಗಂಟೆಗೆ 20 ಕಿಲೋಮೀಟರ್ ಗಾಳಿ ದೊಡ್ಡದೇನಲ್ಲ. ನೆಲ ಬಿಡಲು ಬೇಕಾದ 50ರಲ್ಲಿ ನಿಂತಲ್ಲೇ ರೆಕ್ಕೆಗೆ 20 ಸಿಕ್ಕಿಬಿಟ್ಟಿದೆ, ಚಕ್ರ ಓಡಿಸಬೇಕಾದ್ದು ಬಾಕಿ 30 ಮಾತ್ರ. ವರ್ಗದ ಲೆಕ್ಕ ಇಲ್ಲೂ ಬರುವುದರಿಂದ 60 ಅಡಿ 22ಕ್ಕೆ ಇಳಿಯುತ್ತದೆ. ಅಲಾಸ್ಕಾದ ವಾಲ್ಡೀಸ್‌ನಲ್ಲಿ ಪ್ರತಿ ವರ್ಷ ಮೇ ತಿಂಗಳಲ್ಲಿ ಕಡಿಮೆ ಜಾಗದಲ್ಲಿ ಏರಿ ಇಳಿಯುವ ಪಂದ್ಯ ನಡೆಯುತ್ತದೆ. ಅಲ್ಲಿ ಗೆಲ್ಲುವ ನಂಬಲಾಗದ ಅಂಕಿಗಳ ಹಿಂದೆ ಬರಿದು ಮಾಡಿದ ವಿಮಾನದ ಜೊತೆಗೆ ಗಾಳಿಯ ಪಾಲೂ ಇದೆ.

ಕೊಡಬೇಕಾದ ಬೆಲೆ

ಖಾಲಿ ವಿಮಾನದ ತೂಕವೇ ಸುಮಾರು 400 ಕೆಜಿ. ಟ್ಯಾಂಕ್ ತುಂಬ 90 ಲೀಟರ್ ಪೆಟ್ರೋಲ್ ಹಾಕಿದರೆ 65 ಕೆಜಿ. ಉಳಿದದ್ದು 135. ತೆಳ್ಳಗಿನ ಇಬ್ಬರು ಕೂತರೆ ಮುಗಿಯಿತು, ಒಂದು ಮೂಟೆ ರಾಗಿಗೂ ಜಾಗವಿಲ್ಲ. ಮಿತಿ 600 ಎಂದದ್ದು ವಿಮಾನದ ಶಕ್ತಿ ಅಲ್ಲ, ಅಮೆರಿಕ 2004ರಲ್ಲಿ ಹಗುರ ವಿಮಾನಗಳಿಗೆ ಹಾಕಿದ್ದ ನಿಯಮ. ಇದೇ ಕುಟುಂಬದ ಇಎಕ್ಸ್-2 ಮಾದರಿ, ಬೇರೆ ನಿಯಮದ ಕೆಳಗೆ, 846 ಕೆಜಿವರೆಗೆ ಹೊರುತ್ತದೆ. ಹೊರೆ ಏರಿದರೆ ಓಟವೂ ಏರುತ್ತದೆ, ಅದೇ ವರ್ಗದ ಲೆಕ್ಕದಲ್ಲಿ.

ವೇಗ ಗಂಟೆಗೆ 160 ಕಿಲೋಮೀಟರಿನ ಸುತ್ತಮುತ್ತ. ಸೆಸ್ನಾ 230 ಹೋಗುತ್ತದೆ. ದಪ್ಪ ರೆಕ್ಕೆ, ಆನಿಕೆ ಕಂಬಗಳು, ಬಲೂನಿನಂಥ ಗಾಲಿ ಎಲ್ಲ ಗಾಳಿಗೆ ಅಡ್ಡ.

ಆ ಗಾಲಿಗಳ ಗುಟ್ಟನ್ನು ಕಬ್ಬಿನ ಗಾಡಿ ಹೊಡೆದವರಿಗೆ ಹೇಳಬೇಕಾಗಿಲ್ಲ. ಕಬ್ಬಿಣದ ಪಟ್ಟಿಯ ಮರದ ಚಕ್ರ ಹೂತುಕೊಳ್ಳುವ ಜಾಗದಲ್ಲಿ ಟೈರ್ ಗಾಡಿ ಸಲೀಸಾಗಿ ಹೋಗುತ್ತದೆ. ಟೈರು ನೆಲವನ್ನು ಒತ್ತುವುದು ಹೆಚ್ಚುಕಮ್ಮಿ ಒಳಗಿನ ಗಾಳಿಯ ಒತ್ತಡದಷ್ಟೇ. ಕಾರಿನ ಟೈರಿಗೆ 30 ಪಿಎಸ್‌ಐ ಮೇಲೆ ಹಾಕಿಸುತ್ತೇವೆ. ಈ 31 ಇಂಚಿನ ಟೈರುಗಳಿಗೆ ಹತ್ತರ ಆಸುಪಾಸು ಸಾಕು. ಗುಂಡುಕಲ್ಲು ಬಂದರೆ ಟೈರು ಅದನ್ನು ನುಂಗಿಕೊಂಡು ಮುಂದೆ ಹೋಗುತ್ತದೆ.

ಮೂಗಿನ ಕೆಳಗೆ ಗಾಲಿ ಇಲ್ಲ, ಬಾಲದ ಕೆಳಗಿದೆ. ಹಾಗಾಗಿ ಪ್ರೊಪೆಲ್ಲರ್ ಕಲ್ಲಿನಿಂದ ದೂರ, ತೂಕವೂ ಉಳಿತಾಯ. ಆದರೆ ವಿಮಾನದ ಭಾರ ಮುಖ್ಯ ಗಾಲಿಗಳ ಹಿಂದೆ ಬೀಳುತ್ತದೆ. ಕಬ್ಬಿನ ಟ್ರೇಲರನ್ನು ಟ್ರ್ಯಾಕ್ಟರಿನಲ್ಲಿ ರಿವರ್ಸ್ ಹೊಡೆಯುವಾಗ ಒಂಚೂರು ಓರೆಯಾದರೂ ಅದು ತಾನಾಗಿ ಇನ್ನಷ್ಟು ಮಡಚಿಕೊಳ್ಳುತ್ತದಲ್ಲ, ಇಲ್ಲೂ ಹಾಗೆಯೇ. ಇಳಿದ ಮೇಲೆ ಓರೆಯಾದರೆ ಹಿಂಭಾಗ ಮುಂದಕ್ಕೆ ಬರಲು ನೋಡುತ್ತದೆ. ಪೂರ್ತಿ ನಿಲ್ಲುವವರೆಗೂ ಪೈಲಟ್‌ನ ಕಾಲು ಪೆಡಲ್ ಮೇಲೆ ಕುಣಿಯುತ್ತಲೇ ಇರಬೇಕು.

ನಿಧಾನ ಹಾರಾಟದ ಅಪಾಯ ಇದಕ್ಕಿಂತ ದೊಡ್ಡದು. ಒಂದು ಮಟ್ಟಕ್ಕಿಂತ ನಿಧಾನವಾದರೆ ಗಾಳಿಯಲ್ಲಿ ನಿಲ್ಲಲು ಇಂಜಿನ್ ಬಲ ಕಡಿಮೆ ಬೇಕಾಗುವ ಬದಲು ಹೆಚ್ಚು ಬೇಕಾಗುತ್ತದೆ. ರೆಕ್ಕೆ ಅಷ್ಟು ಓರೆ ಎದ್ದು ಗಾಳಿಯನ್ನೇ ತಡೆಯುತ್ತಿರುತ್ತದೆ. ಆಗ ಮೂಗೆತ್ತಿದರೆ ವಿಮಾನ ಏರುವುದಿಲ್ಲ, ಇಳಿಯುತ್ತದೆ. ಸ್ಟಾಲ್ ವೇಗಕ್ಕಿಂತ ಐದಾರು ಕಿಲೋಮೀಟರ್ ಮೇಲೆ ಬರುತ್ತಿರುವಾಗ ಬೆನ್ನಿಂದ ಒಂದು ಗಾಳಿ ಬೀಸಿದರೆ ಅಷ್ಟೂ ಮುಗಿಯಿತು, ನೆಲ ಹತ್ತಿರವಿದೆ, ಚೇತರಿಸಿಕೊಳ್ಳಲು ಎತ್ತರವಿಲ್ಲ. 2023ರ ಮಾರ್ಚ್ 14ರಂದು ಪೋಲೆಂಡಿನ ಲ್ಯೂಕ್ ಚೆಪಿಯೆಲಾ ಮಾರ್ಪಡಿಸಿದ ಕಾರ್ಬನ್ ಕಬ್ ಒಂದನ್ನು ದುಬೈನ ಬುರ್ಜ್ ಅಲ್ ಅರಬ್ ಹೋಟೆಲಿನ ನೆತ್ತಿಯ ಹೆಲಿಪ್ಯಾಡ್ ಮೇಲೆ ಇಳಿಸಿದರು. ನೆಲದಿಂದ 212 ಮೀಟರ್ ಎತ್ತರ, 27 ಮೀಟರ್ ಅಗಲ, ಅವರು ನಿಂತದ್ದು 20.76 ಮೀಟರಿನಲ್ಲಿ. ಅದರ ಹಿಂದೆ ನೆಲದ ಮೇಲೆ ಗುರುತು ಹಾಕಿಕೊಂಡು ಮಾಡಿದ ನೂರಾರು ಅಭ್ಯಾಸ ಇಳಿಕೆಗಳಿದ್ದವು. ವಿಡಿಯೋದಲ್ಲಿ ನಾವು ನೋಡುವುದು ಕೊನೆಯ ಒಂದನ್ನು.

ಮತ್ತೆ ಅಕ್ಕನ ಗದ್ದೆಗೆ

"60 ಅಡಿ ಅಂದ್ರೆ ನಮ್ ಒಂದ್ ಮಡಿಗೇ ಸಾಕಲ್ವಾ ಮಾವ?" ಎಂದು ಹುಡುಗ ಪಟ್ಟು ಬಿಡಲಿಲ್ಲ. ಉರುಳುವುದಕ್ಕೆ ಸಾಕು. ಆದರೆ ಗದ್ದೆಯ ತಲೆಯಲ್ಲಿ ಸಾಲು ತೆಂಗಿನ ಮರಗಳಿವೆ, 60 ಅಡಿ ಎತ್ತರ ಎಂದುಕೊಳ್ಳೋಣ. ಅವುಗಳ ಗರಿ ತಾಗದಂತೆ ಬಂದು, ಎಂಟಡಿ ಮುಂದೆ ಹೋದಾಗ ಒಂದಡಿ ಇಳಿಯುವಂತೆ ಬಂದರೆ, ನೆಲ ಮುಟ್ಟುವ ಹೊತ್ತಿಗೆ ಮರದಿಂದ 480 ಅಡಿ ಬಂದಿರುತ್ತೇವೆ. ಆಮೇಲೆ ಉರುಳಿ ನಿಲ್ಲಲು ಧಾರಾಳವಾಗಿ ನೂರಡಿ. ಒಟ್ಟು 580 ಅಡಿ, ಹದಿನೆಂಟು ಗುಂಟೆ ಉದ್ದಕ್ಕೆ ಇಟ್ಟಷ್ಟು. ಅಷ್ಟರಲ್ಲಿ ಎಷ್ಟು ಬದು, ಎಷ್ಟು ಕಾಲುವೆ? ಒಣಗಿದ ಬದುವೊಂದಕ್ಕೆ ಗಾಲಿ ಹೊಡೆದರೆ ವಿಮಾನ ಮೂಗಿನ ಮೇಲೆ ನಿಲ್ಲುತ್ತದೆ. ತೆಂಗಿನ ಮರವಾದರೂ ಕಾಣುತ್ತದೆ, ಪಂಪ್‌ಸೆಟ್‌ಗೆ ಎಳೆದ ಕರೆಂಟ್ ತಂತಿ ಮೇಲಿನಿಂದ ಕಾಣುವುದೇ ಇಲ್ಲ. ಅಲಾಸ್ಕಾದ ಹೊಳೆ ದಿಬ್ಬಕ್ಕೂ ಮಂಡ್ಯದ ಗದ್ದೆಗೂ ಇರುವ ವ್ಯತ್ಯಾಸ ಇದು: ಅಲ್ಲಿ ನೆಲ ಒರಟು, ಆಕಾಶ ಖಾಲಿ, ಇಲ್ಲಿ ನೆಲ ಮೆತ್ತಗೆ, ಆಕಾಶದ ತುಂಬ ತಂತಿ. ಇದೆಲ್ಲದರ ಮೇಲೆ, ನಮ್ಮ ದೇಶದಲ್ಲಿ ಮನಸ್ಸಿಗೆ ಬಂದ ಕಡೆ ವಿಮಾನ ಇಳಿಸುವಂತಿಲ್ಲ, ಅದಕ್ಕೆ ಅನುಮತಿ ಬೇಕು.

ಕಿಚ್ಚು ಹಾಯಿಸಿದ ಮೇಲೆ ಹುಡುಗ ಕಾಣಲಿಲ್ಲ. ಟಾರ್ಚ್ ಹಿಡಿದು ನಾಲೆ ಏರಿಯ ಮೇಲೆ ಹೆಜ್ಜೆ ಎಣಿಸುತ್ತ ಹೋಗುತ್ತಿದ್ದ. ಆ ಏರಿಯ ಮೇಲೆ ಬದುವಿಲ್ಲ, ಮರವಿಲ್ಲ, ತಂತಿ ಒಂದೇ ಕಡೆ ಅಡ್ಡ ಹಾಯುತ್ತದೆ. ವಾಪಸ್ ಬಂದು ಹೇಳಿದ: "ತಂತಿ ದಾಟಿದ್ಮೇಲೆ ಇನ್ನೂರ ನಲವತ್ತು ಹೆಜ್ಜೆ ಅದೆ ಮಾವ. ಆದ್ರೆ ಅಗಲ ಹನ್ನೆರಡೇ ಅಡಿ." ರೆಕ್ಕೆಯ ಉದ್ದ ಸುಮಾರು 34 ಅಡಿ ಎಂದೆ. ಎರಡು ಬದಿಗೂ ಏನೂ ಅಡ್ಡ ಇಲ್ಲವಾದ್ದರಿಂದ ರೆಕ್ಕೆ ಹೊರಗೆ ಚಾಚಿಕೊಂಡರೆ ತೊಂದರೆಯಿಲ್ಲ, ಎರಡು ಗಾಲಿಗಳ ನಡುವೆ ಎಷ್ಟು ಅಂತರ ಅಂತ ಕೇಳಿದ.